ಒಂದು ವರ್ಷದ ಬೆಳ್ಳಿತೆರೆ: 2022ರ ಕನ್ನಡ ಚಲಚ್ಚಿತ್ರಗಳು
(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಪಣಕಹಳ್ಳಿಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಕಾರ್ಯದರ್ಶಿಗಳು ತಿಂಗಳ ಹಿಂದೆ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಈ ಸಲ ಪಂಪನೂ ಬೇಡ, ರನ್ನನೂ ಬೇಡ, ಸಿನಿಮಾ ಕುರಿತು ಮಾತನಾಡಿ, ಜನ ಎದ್ದು ಹೋಗುವುದಿಲ್ಲ" ಎಂದು ಅಪ್ಪಣೆ ಮಾಡಿದರು. ಕಳೆದ ವರ್ಷ ನಾನು ಗದಾಯುದ್ಧವನ್ನು ಕುರಿತು ಮಾತನಾಡಿದಾಗ ಜನ ಎದ್ದು ಹೋದದ್ದು ನನಗೂ ನೆನಪಿದೆ. ಆದುದರಿಂದ ಒಪ್ಪಿಕೊಂಡೆ. ವಿದ್ವಾನ್ ಪರೀಕ್ಷೆಗೆ ಅಲಂಕಾರಶಾಸ್ತ್ರವನ್ನು ಓದಿದವನು ಚಲಚ್ಚಿತ್ರಗಳನ್ನು ಕುರಿತು ಮಾತನಾಡಬಹುದೇ ಎಂದು ಕೆಲವರು ಹುಬ್ಬೇರಿಸಬಹುದು. ನಾನು ಬಾಲ್ಯದಿಂದಲೂ ಚಿತ್ರಪ್ರೇಮಿ. ಅದನ್ನು ಮುಚ್ಚಿಡುವ ವಯಸ್ಸು ಕಳೆಯಿತು. ಅದಲ್ಲದೆ ಈ ನೆಲದಲ್ಲಿ ನಿಂತು ಕನ್ನಡ ಚಿತ್ರವನ್ನು ಕುರಿತು ಮಾತನಾಡಲು ಸಂಕೋಚವೇಕೆ? ನಮ್ಮ ಈ ತಾಳವಾಡಿ ಸೀಮೆಗೇ ಸೇರಿದ ಗಾಜನೂರಿನಲ್ಲಲ್ಲವೇ 1929ರ ಏಪ್ರಿಲ್ 24ರಂದು ಮುತ್ತುರಾಜನೆಂಬ ಶಿಶು ಜನಿಸಿದ್ದು? ಬಾಲ್ಯದಲ್ಲೇ ಶಾಲೆಯನ್ನು ಬಿಟ್ಟು, ಗುಬ್ಬಿ ವೀರಣ್ಣನವರ ನಾಟಕ ಮಂಡಲಿಯಲ್ಲಿ ಪಳಗಿ, 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ತೆರೆಗೆ ಬಂದ ಆ ಮಹನೀಯರಿಂದ ಸ್ಪಷ್ಟವಾದ ಉಚ್ಚಾರಣೆಯನ್ನು ಕಲಿತವರು ನಮ್ಮಂಥ ಉಪಾಧ್ಯಾಯರಿಂದ ಕಲಿತವರಿಗಿಂತ ಹೆಚ್ಚೇ ಇರಬೇಕು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲೇ ಉಳಿದೆವು. ಹೀಗೆ ಕನ್ನಡದ ವರನಟನ ಹುಟ್ಟೂರು ಕರ್ನಾಟಕದ ಹೊರಗುಳಿಯಿತು. ಇದನ್ನು ನಾನು ದುಃಖದಿಂದ ಹೇಳುತ್ತಿಲ್ಲ, ಒಂದು ಬಗೆಯ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಇಷ್ಟೊಂದು ವರ್ಷಗಳಿರುವಾಗ 2022ನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಬಹುದು. ಚಿತ್ರ ಬಿಡುಗಡೆಯಾದ ದಿನವೇ ತೀರ್ಪು ಕೊಡುವುದು ಒಲೆಯ ಮೇಲೆ ಕುದಿಯುವ ಸಾರಿಗೆ ನಾಲಗೆ ಚಾಚಿದಂತೆ. ಈಗ ಅದು ಆರಿದೆ; ರುಚಿ ತಿಳಿಯುತ್ತದೆ. ಇನ್ನೊಂದು ಕಾರಣವೂ ಉಂಟು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರರು ನಲವತ್ತಾರರ ಹರೆಯದಲ್ಲೇ ತೀರಿಕೊಂಡರು. ಕನ್ನಡ ಚಿತ್ರರಂಗವು ಮನೆಯ ಮಗನನ್ನು ಕಳೆದುಕೊಂಡ ಮನೆಯಂತೆ ಮಂಕಾಗಿದ್ದ ಕಾಲವದು. ಅದರ ಮರುವರ್ಷವೇ ಅದೇ ಚಿತ್ರರಂಗವು ದೇಶವೆಲ್ಲ ತಿರುಗಿ ನೋಡುವಂತೆ ಎದ್ದು ನಿಂತಿತು.

ಆ ವರ್ಷದ ಮಾರ್ಚ್ 17ರಂದು, ಪುನೀತರ ಜನ್ಮದಿನದಂದು, ಅವರ 'ಜೇಮ್ಸ್' ಬಿಡುಗಡೆಯಾಯಿತು. ಚಿತ್ರೀಕರಣವಾಗಿದ್ದರೂ ಅವರ ಧ್ವನಿಮುದ್ರಣವಾಗಿರಲಿಲ್ಲ. ಅಣ್ಣ ಶಿವರಾಜಕುಮಾರರು ತಮ್ಮನ ತುಟಿಗಳಿಗೆ ತಮ್ಮ ಧ್ವನಿಯನ್ನು ಕೊಟ್ಟರು. ಚಿತ್ರವಾಗಿ 'ಜೇಮ್ಸ್' ಸಾಮಾನ್ಯವಾದುದೆಂದೇ ನನ್ನ ಅಭಿಪ್ರಾಯ: ಹೊಡೆದಾಟ ಬಹಳ, ಕಥೆ ಅಲ್ಪ. ಆದರೆ ಚಿತ್ರಮಂದಿರದಲ್ಲಿ ನಾನು ಚಿತ್ರವನ್ನು ನೋಡಿದ್ದಕ್ಕಿಂತ ಜನರನ್ನು ನೋಡಿದ್ದೇ ಹೆಚ್ಚು. ಅಣ್ಣನ ಕಂಠದಲ್ಲಿ ತಮ್ಮ ಮಾತನಾಡುತ್ತಿದ್ದಂತೆ ಪಕ್ಕದ ಸಾಲಿನಲ್ಲಿದ್ದ ತಾಯಿಯೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಅಲ್ಲಿ ಕರುಣರಸ ಹುಟ್ಟಿದ್ದು ತೆರೆಯ ಮೇಲಲ್ಲ. ಯಾವ ಲಾಕ್ಷಣಿಕನೂ ಇದಕ್ಕೆ ಲಕ್ಷಣವನ್ನು ಬರೆದಿಲ್ಲ.

ಏಪ್ರಿಲ್ 14ರಂದು ಬಂದಿತು ಪ್ರಶಾಂತ್ ನೀಲ್ ನಿರ್ದೇಶನದ 'ಕೆ.ಜಿ.ಎಫ್. ಎರಡನೆಯ ಅಧ್ಯಾಯ.' ಗಳಿಕೆ 1000 ಕೋಟಿ ರೂಪಾಯಿಗಳನ್ನು ಮೀರಿತು. ಹಿಂದಿನ ದಿನವೇ ತೆರೆಕಂಡಿದ್ದ ತಮಿಳಿನ 'ಬೀಸ್ಟ್' ಚಿತ್ರದ ಎದುರಿನಲ್ಲಿ, ತಮಿಳುನಾಡಿನಲ್ಲಿಯೇ ಅದು ಜನರನ್ನು ಸೆಳೆಯಿತೆಂದರೆ ಸಾಮಾನ್ಯವಲ್ಲ. ಯಶ್ ಅವರ ಗತ್ತು, ಆ ಬೂದಿಬಣ್ಣದ ಛಾಯಾಗ್ರಹಣ, ಇಪ್ಪತ್ತರೊಳಗಿನ ಉಜ್ವಲ್ ಕುಲಕರ್ಣಿ ಎಂಬ ತರುಣನ ಸಂಕಲನ ಇವೆಲ್ಲ ಮೆಚ್ಚತಕ್ಕವೇ. ಆದರೂ ನನಗೆ ತೃಪ್ತಿಯಾಗಲಿಲ್ಲ. ಮೊದಲ ಭಾಗದಲ್ಲಿ ಅನಂತನಾಗರ ಶಾಂತವಾದ ಕಂಠದಲ್ಲಿ ಕಥೆ ಕೇಳಿದ್ದೆವು. ಎರಡನೆಯದರಲ್ಲಿ ಪ್ರಕಾಶ್ ರೈ ಅವರು ಸಮರ್ಥವಾಗಿ ನಿರೂಪಿಸಿದರೂ ಆ ಅಜ್ಜನ ಕಥೆಯ ಸೊಗಸು ಮರಳಲಿಲ್ಲ. ರೌದ್ರವೇ ಆದಿಯಿಂದ ಅಂತ್ಯದವರೆಗೆ ಮೊಳಗಿದರೆ ಕಿವಿ ದಣಿಯುತ್ತದೆ, ಮನಸ್ಸು ತಟ್ಟದೆ ಹೋಗುತ್ತದೆ. ಮುಖ್ಯವಾದ ಕೊರತೆ ಇನ್ನೊಂದು. ಕೋಲಾರದ ಚಿನ್ನದ ಗಣಿ ಕಲ್ಪನೆಯ ಊರಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಯಲ್ಲಿ ತಲೆಮಾರುಗಳ ಕಾಲ ದುಡಿದವರಲ್ಲಿ ಬಹುಪಾಲು ತಮಿಳು ನಾಡಿನಿಂದ ಹೋದ ಬಡ ಕೂಲಿಕಾರರು. 2001ರಲ್ಲಿ ಗಣಿ ಮುಚ್ಚಿದಾಗ ಅವರು ಕೆಲಸವಿಲ್ಲದೆ ನಿಂತರು. ತಮಿಳುನಾಡಿನಲ್ಲಿ ನಾವು ಕನ್ನಡಿಗರಿರುವಂತೆ, ಕರ್ನಾಟಕದಲ್ಲಿ ಅವರು ತಮಿಳರು. ಅವರ ಸ್ಥಿತಿ ನಮಗೆ ಅರ್ಥವಾಗದೆ ಇನ್ನಾರಿಗೆ ಅರ್ಥವಾದೀತು? ಅಷ್ಟು ದೊಡ್ಡ ಚಿತ್ರದಲ್ಲಿ ಅವರ ನಿಜವಾದ ಬದುಕಿನ ಒಂದು ಎಳೆಯೂ ಕಾಣಲಿಲ್ಲ. ಚಿನ್ನ ಬಂತು, ಅಗೆದವರು ಬರಲಿಲ್ಲ.

'ವಿಕ್ರಾಂತ್ ರೋಣ'ದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಣ್ಣಿಗೆ ಕಪ್ಪು ಕನ್ನಡಕವನ್ನು ಕೊಟ್ಟು ಕಾಡನ್ನು ಹತ್ತಿರಕ್ಕೆ ತಂದರು; ನಮಗೆ ಕಾಡು ಹತ್ತಿರವೇ ಇದೆ. ಯೋಗರಾಜ ಭಟ್ಟರ 'ಗಾಳಿಪಟ 2' ಮಾತ್ರ ವೃತ್ತಿಬಾಂಧವ್ಯದಿಂದ ಇಷ್ಟವಾಯಿತು. ಕನ್ನಡ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮೂವರು ಮತ್ತೆ ಕಾಲೇಜಿಗೆ ಹೋಗುವ ಕಥೆಯದು. ಕನ್ನಡ ಅಧ್ಯಾಪಕರಾಗಿ ಅನಂತನಾಗರು. ಕಥೆಯು ಹಾಡಿನಿಂದ ಹಾಡಿಗೆ ಗಾಳಿಪಟದಂತೆಯೇ ತೇಲಿ ಹೋದರೂ, ಕನ್ನಡ ಮೇಷ್ಟ್ರನ್ನು ಹಾಸ್ಯಪಾತ್ರವಾಗಿಸದೆ ಗೌರವದಿಂದ ತೋರಿಸಿದ ಚಿತ್ರಗಳು ಎಷ್ಟಿವೆ ಹೇಳಿ? ಈ ಒಂದು ಕಾರಣಕ್ಕೆ ನಾನು ಪಕ್ಷಪಾತಿ; ಕ್ಷಮಿಸಬೇಕು.

ಜೂನ್ 10ರಂದು ಬಂದ '777 ಚಾರ್ಲಿ'ಯನ್ನು ನಿರ್ದೇಶಿಸಿದ ಕಿರಣರಾಜ್ ಅವರು ಕಾಸರಗೋಡಿನವರು, ಅಂದರೆ ನಮ್ಮಂತೆಯೇ ಗಡಿಯಾಚೆಯ ಕನ್ನಡಿಗರು. ಯಾರೊಡನೆಯೂ ಬೆರೆಯದ ಕಾರ್ಖಾನೆಯ ಕೆಲಸಗಾರನೊಬ್ಬನ ಮನೆಗೆ ಒಂದು ನಾಯಿ ಬರುತ್ತದೆ. ಅದಕ್ಕೆ ವಾಸಿಯಾಗದ ರೋಗವೆಂದು ತಿಳಿದಾಗ ಹಿಮವನ್ನು ತೋರಿಸಲು ಅವನು ಅದನ್ನು ಕರೆದುಕೊಂಡು ಉತ್ತರಕ್ಕೆ ಹೊರಡುತ್ತಾನೆ. ಇಷ್ಟೇ ಕಥೆ. ಮಧ್ಯಭಾಗ ಸ್ವಲ್ಪ ಎಳೆದಂತಿದೆ. ಅಳಿಸಿಯೇ ತೀರುತ್ತೇನೆಂಬ ಹಟವೂ ಕಾಣುತ್ತದೆ. ಆದರೆ ಮಾತು ಬಾರದ ಪ್ರಾಣಿಯಿಂದ ಅಭಿನಯವನ್ನು ಹೊರತರಬೇಕಾದರೆ ಎಷ್ಟು ತಾಳ್ಮೆ ಬೇಕೆಂಬುದು ನಲವತ್ತು ಮಕ್ಕಳ ತರಗತಿಯನ್ನು ನಡೆಸುವವನಿಗೆ ತಿಳಿಯುತ್ತದೆ. ಮುಂದೆ 2023ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಉತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಅದಕ್ಕೆ ಸಂದಿತು.

ಇನ್ನು 'ಕಾಂತಾರ.' ಇದನ್ನು ಕುರಿತು ಕೊಂಚ ನಿಧಾನವಾಗಿ ಮಾತನಾಡಲು ಅಪ್ಪಣೆಯಾಗಬೇಕು. ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಈ ಚಿತ್ರವನ್ನು ನಾನು ಚಾಮರಾಜನಗರಕ್ಕೆ ಹೋಗಿ ನೋಡಿದೆ. ನನ್ನ ಪಕ್ಕದಲ್ಲಿ ನಮ್ಮ ಬೆಟ್ಟದ ಕಡೆಯವರೇ ಆದ ಒಬ್ಬ ವೃದ್ಧರು ಕುಳಿತಿದ್ದರು. ಚಿತ್ರದ ಮಾತು ಕುಂದಾಪುರದ ಕಡೆಯ ಕನ್ನಡ. ಮೊದಲಲ್ಲಿ ಅವರು ಎರಡು ಮೂರು ಸಲ ನನ್ನನ್ನು ಅರ್ಥ ಕೇಳಿದರು. ಅರಣ್ಯಾಧಿಕಾರಿ ಮುರಳಿ ಊರಿನವರನ್ನು ತಡೆದು ನಿಲ್ಲಿಸುವ ದೃಶ್ಯ ಬಂದ ಮೇಲೆ ಅರ್ಥ ಕೇಳುವುದನ್ನು ನಿಲ್ಲಿಸಿ, "ಅಲ್ಲೂ ಇಂಗೇಯಾ ಇವ್ರು?" ಎಂದರು. ಅನಂತರ ಚಿತ್ರ ಮುಗಿಯುವವರೆಗೂ ಮಾತಿಲ್ಲ.

ಅವರ ಪ್ರಶ್ನೆಯಲ್ಲಿ ನಮ್ಮ ಬದುಕೇ ಇದೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. 2022ರ ಫೆಬ್ರವರಿಯಲ್ಲಿ, ನ್ಯಾಯಾಲಯದ ಆಜ್ಞೆಯ ಮೇರೆಗೆ, ಇಪ್ಪತ್ತೇಳು ತಿರುವುಗಳ ನಮ್ಮ ದಿಂಬಂ ಘಾಟಿಯಲ್ಲಿ ರಾತ್ರಿಯ ವಾಹನ ಸಂಚಾರಕ್ಕೆ ನಿರ್ಬಂಧ ಬಂದಿತು. ಆನೆ ಚಿರತೆಗಳು ಚಕ್ರದಡಿ ಸಾಯುತ್ತಿದ್ದುದು ನಿಜ. ಕೋಸು, ಆಲೂಗೆಡ್ಡೆಗಳನ್ನು ಬೆಳೆದವರು ಸಂತೆಗೆ ತಲಪಿಸಲು ಪರದಾಡಿದ್ದೂ ನಿಜ. ಎರಡೂ ನಿಜವಾಗಿರುವುದೇ ಕಷ್ಟ. 1973ರ 'ಗಂಧದ ಗುಡಿ'ಯಲ್ಲಿ ರಾಜಕುಮಾರರು ಅರಣ್ಯಾಧಿಕಾರಿಯಾಗಿದ್ದರು. ಅಧಿಕಾರಿಯೇ ನಾಯಕ, ಕಾಡುಗಳ್ಳನೇ ಖಳ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಲವತ್ತೊಂಬತ್ತು ವರ್ಷಗಳ ಮೇಲೆ 'ಕಾಂತಾರ'ದಲ್ಲಿ ನಾಯಕನು ಅಧಿಕಾರಿಯ ಎದುರಿಗೆ ನಿಂತ ಕಾಡಂಚಿನ ಹಳ್ಳಿಗ. ನಡುವೆ ಏನಾಯಿತೆಂಬುದನ್ನು ನಮ್ಮ ಬೆಟ್ಟದ ಯಾವ ರೈತನೂ ಹೇಳಬಲ್ಲ. ರಿಷಭ್ ಶೆಟ್ಟರು ಅಧಿಕಾರಿಯನ್ನು ಖಳನಾಗಿಸಲಿಲ್ಲ. ಕಿಶೋರರ ಆ ಪಾತ್ರವು ಕಡೆಗೆ ಊರವರ ಪಕ್ಕದಲ್ಲೇ ನಿಂತು ಹೋರಾಡುತ್ತದೆ. ಇದು ಚಿತ್ರದ ವಿವೇಕ.

ಮೆಚ್ಚದ ಅಂಶಗಳನ್ನೂ ಹೇಳಿಬಿಡುತ್ತೇನೆ. ನಾಯಕನು ನಾಯಿಕೆಯನ್ನು ಕೆಣಕುವ ಪ್ರಸಂಗಗಳು ಔಚಿತ್ಯವನ್ನು ಮೀರಿವೆ. ಕ್ಷೇಮೇಂದ್ರನು ನೋಡಿದ್ದರೆ ಎದ್ದು ಹೋಗುತ್ತಿದ್ದ. ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿ ತನ್ನ ಊರಿಗೂ ಉದ್ಯೋಗಕ್ಕೂ ನಡುವೆ ಸಿಕ್ಕಿಕೊಂಡ ಆ ಹುಡುಗಿಯ ಸಂಕಟವೇ ಒಂದು ಚಿತ್ರಕ್ಕಾಗುವಷ್ಟಿತ್ತು, ಅದನ್ನು ಕೈಬಿಟ್ಟರು. ಇನ್ನು ಕೊನೆಯ ದೃಶ್ಯ. ದೈವ ಮೈಮೇಲೆ ಬಂದು ನ್ಯಾಯ ತೀರಿಸುವ ಆ ಇಪ್ಪತ್ತು ನಿಮಿಷ ಮೈ ನವಿರೇಳಿಸುತ್ತದೆ, ಸಂದೇಹವಿಲ್ಲ. 2024ರಲ್ಲಿ ಪ್ರಕಟವಾದ ಉತ್ತಮ ನಟ ರಾಷ್ಟ್ರಪ್ರಶಸ್ತಿ ರಿಷಭರಿಗೆ ಸಂದದ್ದು ಬಹುಮಟ್ಟಿಗೆ ಅದಕ್ಕಾಗಿಯೇ ಎಂದು ನನ್ನ ಊಹೆ. ಆದರೆ ಚಿತ್ರಮಂದಿರದಿಂದ ಹೊರಬಂದಾಗ ಆ ವೃದ್ಧರು ಕೊನೆಯ ಬಸ್ಸಿಗೆ ಓಡಿದರು. ಅಂದಿನ ರಾತ್ರಿ ಅವರ ಮುಸುಕಿನ ಜೋಳದ ಹೊಲಕ್ಕೆ ಕಾವಲಿತ್ತು. ಅಟ್ಟಣೆಯ ಮೇಲೆ ಕುಳಿತವನ ಮೈಮೇಲೆ ದೈವ ಬರುವುದಿಲ್ಲ, ಹೊಲಕ್ಕೆ ಆನೆ ಬರುತ್ತದೆ. ಪ್ರಶ್ನೆಯನ್ನು ಅಷ್ಟು ಸತ್ಯವಾಗಿ ಕೇಳಿದ ಚಿತ್ರ ಉತ್ತರವನ್ನು ದೈವಕ್ಕೆ ಒಪ್ಪಿಸಿತು. 2006ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿಳಿಯುವವರ ಕಥೆಯನ್ನು ಯಾರಾದರೂ ತೆರೆಗೆ ತರಲೆಂದು ಕಾಯುತ್ತಿದ್ದೇನೆ.

ಅದೇ ವರ್ಷ ಕಾಡಿನ ಬಗೆಗೆ ಇನ್ನೊಂದು ಚಿತ್ರ ಬಂದಿತ್ತು: ಪ್ರವೀಣ್ ಕೃಪಾಕರರ 'ತಲೆದಂಡ.' ಪರಿಸರ ಸಂರಕ್ಷಣೆಯ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಮರಗಳನ್ನು ಜೀವದಂತೆ ಪ್ರೀತಿಸುವ ಮುಗ್ಧ ಯುವಕನಾಗಿ ಸಂಚಾರಿ ವಿಜಯ್ ಅಭಿನಯಿಸಿದ್ದಾರೆ. ಆ ಕಲಾವಿದರು 2021ರ ಜೂನ್‌ನಲ್ಲಿಯೇ ಅಪಘಾತದಲ್ಲಿ ತೀರಿಕೊಂಡಿದ್ದರು; ಚಿತ್ರ ತೆರೆಗೆ ಬಂದುದನ್ನು ಅವರು ನೋಡಲಿಲ್ಲ. ಹಾಗೆಯೇ ಸಾಗರ್ ಪುರಾಣಿಕರ 'ಡೊಳ್ಳು', ಉತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ಊರಿನ ಡೊಳ್ಳು ಕುಣಿತದ ತಂಡದ ಹುಡುಗರು ಒಬ್ಬೊಬ್ಬರಾಗಿ ನಗರಕ್ಕೆ ಹೊರಟುಹೋಗುತ್ತಾರೆ. ಡೊಳ್ಳು ಗುಡಿಯಲ್ಲಿ ಮೂಕವಾಗುತ್ತದೆ. ನಮ್ಮ ಕಂಸಾಳೆಯವರ, ನೀಲಗಾರರ ಮನೆಗಳಲ್ಲಿ ಈಗ ತಿರುಪ್ಪೂರಿಗೆ ಹೋಗದ ಹುಡುಗರೆಷ್ಟು ಮಂದಿ ಎಂದು ಎಣಿಸಿದರೆ ಈ ಚಿತ್ರ ನಮ್ಮದೇ ಎನಿಸುತ್ತದೆ. ಈ ಸಭೆಯಲ್ಲಿ 'ಕೆ.ಜಿ.ಎಫ್.' ನೋಡಿದವರು ಕೈಯೆತ್ತಿ ಎಂದರೆ ಎಲ್ಲ ಕೈಗಳೂ ಏಳುತ್ತವೆ. 'ಡೊಳ್ಳು' ನೋಡಿದವರು? ನಾನೊಬ್ಬನೇ ಎಂದು ಕಾಣುತ್ತದೆ.

ಅಕ್ಟೋಬರ್ 28ರಂದು, ಪುನೀತರು ತೀರಿಕೊಂಡು ವರ್ಷ ತುಂಬುವ ಮುನ್ನಾದಿನ, ಅವರ ಕೊನೆಯ 'ಗಂಧದ ಗುಡಿ' ಬಂದಿತು. ತಂದೆಯ ಚಿತ್ರದ ಹೆಸರು. ಆದರೆ ಇದರಲ್ಲಿ ಕಥೆಯಿಲ್ಲ, ಪಾತ್ರವಿಲ್ಲ, ಬಣ್ಣವಿಲ್ಲ. ಅಮೋಘವರ್ಷರೊಡನೆ ಕರ್ನಾಟಕದ ಕಾಡು, ಹೊಳೆ, ಕಡಲುಗಳಲ್ಲಿ ತಿರುಗಾಡುತ್ತ, ಹೆದರುವ ಕಡೆ ಹೆದರುತ್ತ, ನಗುವ ಕಡೆ ನಗುತ್ತ ಹೋಗುವ ಒಬ್ಬ ಮನುಷ್ಯ ಮಾತ್ರ. ವೀರನಾಯಕರೇ ತುಂಬಿದ್ದ ಆ ವರ್ಷದಲ್ಲಿ ಹೆದರಿಕೆಯಾಗುತ್ತದೆಂದು ಒಪ್ಪಿಕೊಂಡ ನಾಯಕ ಇವರೊಬ್ಬರೇ. ನಾಲ್ಕು ದಿನಗಳ ಮೇಲೆ, ರಾಜ್ಯೋತ್ಸವದಂದು, ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿ ಸಂದಿತು. ತಂದೆಗೆ 1992ರಲ್ಲಿ, ಮಗನಿಗೆ 2022ರಲ್ಲಿ. ಎರಡೂ ಗಾಜನೂರಿನ ಮನೆತನಕ್ಕೆ.

ಕಡೆಯದಾಗಿ, ನನ್ನ ನಿದ್ದೆಗೆಡಿಸಿದ ಒಂದು ಸಂಗತಿ. ಆ ವರ್ಷ ಒಂಬತ್ತನೆಯ ತರಗತಿಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಬೆಂಚಿನ ಹಿಂದೆ 'ಕೆ.ಜಿ.ಎಫ್.' ಸಂಭಾಷಣೆಯನ್ನು ಗೆಳೆಯನಿಗೆ ಒಪ್ಪಿಸುತ್ತಿದ್ದ. ಗದರಿಸಲೆಂದು ಹತ್ತಿರ ಹೋದೆ. ಅವನು ಒಪ್ಪಿಸುತ್ತಿದ್ದುದು ತಮಿಳಿನಲ್ಲಿ. "ಏಕಪ್ಪಾ, ಅದು ಕನ್ನಡ ಚಿತ್ರವಲ್ಲವೇ?" ಎಂದೆ. "ಗೊತ್ತು ಸಾ. ನಾ ಸತ್ಯಮಂಗಲ್ದಲ್ಲಿ ಮಾವನ ಜೊತೆ ನೋಡ್ದಿ" ಎಂದ. ಅವನ ಮನೆಮಾತು ಕನ್ನಡ. ತಪ್ಪು ಅವನದಲ್ಲ, ತಮಿಳೂ ನಮಗೆ ಅನ್ನ ಕೊಡುವ ಭಾಷೆಯೇ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ವಿಚಿತ್ರವನ್ನು ನೋಡಿ: ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರಬಾರದೆಂದು 1960ರ ದಶಕದಿಂದ ಹೋರಾಡಿದವರಲ್ಲಿ ರಾಜಕುಮಾರರೂ ಒಬ್ಬರು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶದಿಂದ ಆ ಕಟ್ಟು ಸಡಿಲವಾಯಿತು. ಹೊರಗಿನದು ಒಳಗೆ ಬರುವುದನ್ನು ಕುರಿತು ನಾವು ಐವತ್ತು ವರ್ಷ ವಾದಿಸಿದೆವು. ನಮ್ಮದೇ ಚಿತ್ರ ನಮ್ಮದೇ ಮಗುವಿಗೆ ಇನ್ನೊಂದು ಭಾಷೆಯಲ್ಲಿ ತಲಪುವ ದಿನವನ್ನು ಯಾರೂ ಎಣಿಸಿರಲಿಲ್ಲ.

ಆ ಹುಡುಗನಿಗೆ ಶಿಕ್ಷೆ ಕೊಡಲಿಲ್ಲ. ಆ ಸಂಭಾಷಣೆಯನ್ನು ಕನ್ನಡದಲ್ಲಿ ಬರೆದು ತಾ ಎಂದೆ. ಮರುದಿನ ತಂದ. ಮೂಲ ಚಿತ್ರದ ಮಾತಲ್ಲ ಅದು. ಅವನೇ ತಮಿಳಿನಿಂದ ನಮ್ಮ ತಾಳವಾಡಿಯ ಕನ್ನಡಕ್ಕೆ ತಿರುಗಿಸಿದ್ದ. ಕಾಗುಣಿತದಲ್ಲಿ ಆರು ತಪ್ಪುಗಳಿದ್ದವು. ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ಒಂದು ಬಿನ್ನಹದೊಡನೆ ಮುಗಿಸುತ್ತೇನೆ. ಸಂಘದ ಬಳಿ ಪರದೆಯಿದೆ, ಶಾಲೆಯಲ್ಲಿ ಅಂಗಳವಿದೆ. ಕಾಸರಗೋಡಿನ ಕನ್ನಡ ಶಾಲೆಯೊಂದನ್ನು ಮುಚ್ಚದಂತೆ ಮಕ್ಕಳೇ ಉಳಿಸಿಕೊಳ್ಳುವ ಕಥೆಯನ್ನು ರಿಷಭ್ ಶೆಟ್ಟರು 2018ರಲ್ಲಿಯೇ ಚಿತ್ರವಾಗಿ ತೆಗೆದಿದ್ದಾರೆ. ಅದನ್ನೂ 'ಡೊಳ್ಳು', 'ತಲೆದಂಡ'ಗಳನ್ನೂ ಹಕ್ಕುದಾರರ ಅನುಮತಿ ಪಡೆದು ಮೂರು ಶನಿವಾರ ಸಂಜೆ ಇಲ್ಲಿ ತೋರಿಸಬೇಕು. ಆನೆ ಬರುವ ಹೊತ್ತಿಗೆ ಮುಂಚೆ, ಏಳೂವರೆಯೊಳಗೆ ಮುಗಿಯುವಂತೆ. ಚಿತ್ರಗಳ ಹೆಸರುಗಳನ್ನೂ ದಿನಗಳನ್ನೂ ಬರೆದ ಚೀಟಿಯನ್ನು ಕಾರ್ಯದರ್ಶಿಗಳ ಜೇಬಿನಲ್ಲಿ ಈಗಾಗಲೇ ಇಟ್ಟಿದ್ದೇನೆ.