ತುಕ್ಕು ಮತ್ತು ಸಂಸ್ಕಾರ



ಹನ್ನೆರಡನೆಯ ಶತಮಾನದಲ್ಲಿ ಕದಿರ ರೆಮ್ಮವ್ವೆ ಎಂಬ ಶರಣೆ ಇದ್ದರು. ನೂಲುವುದು ಅವರ ಕಾಯಕ. ಆ ತಾಯಿ ತಾವು ತಿರುಗಿಸುವ ರಾಟೆಯನ್ನೇ ಎದುರಿಗೆ ಇಟ್ಟುಕೊಂಡು, ಅದರ ಒಂದೊಂದು ಅಂಗಕ್ಕೂ ಒಂದೊಂದು ತತ್ವವನ್ನು ಹೊಂದಿಸಿ ವಚನ ನುಡಿದರು. ಶರಣರಿಗೆ ತತ್ವ ತಿಳಿಯಲು ದೂರದ ಕ್ಷೇತ್ರಗಳಿಗೆ ಹೋಗಬೇಕಾಗಿರಲಿಲ್ಲ. ಕೈಯಲ್ಲಿ ಹಿಡಿದ ಉಪಕರಣವೇ ಅವರಿಗೆ ಶಾಸ್ತ್ರವಾಯಿತು. ಆದುದರಿಂದ ಇಂದು ನಾವು ಒಂದು ಹಳೆಯ ಡೀಸೆಲ್ ಇಂಜಿನ್ನಿನ ವಿಷಯ ಮಾತನಾಡಿದರೆ, ಅಪ್ಪಗಳು ಪ್ರವಚನ ಬಿಟ್ಟು ಗ್ಯಾರೇಜಿಗೆ ಹೋದರು ಎಂದು ನೀವು ತಿಳಿಯಬಾರದು.

ನಮ್ಮ ನಾಡಿನಲ್ಲಿ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆದರೆ ಹಳ್ಳಿಗಳಿಗೆ ಆ ಬೆಳಕು ಬರಲು ದಶಕಗಳೇ ಬೇಕಾದವು. ಆ ನಡುವಿನ ಕಾಲದಲ್ಲಿ ನೀರೆತ್ತಿದ್ದು, ಹಿಟ್ಟು ಬೀಸಿದ್ದು, ಜಾತ್ರೆಗೆ ದೀಪ ಕೊಟ್ಟಿದ್ದು ಡೀಸೆಲ್ ಇಂಜಿನ್ನು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರರು 1897ರಲ್ಲಿ ಅದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥ ಒಂದು ಇಂಜಿನ್ನು ಶೇಂಗಾ ಎಣ್ಣೆಯ ಮೇಲೆ ನಡೆಯಿತೆಂದರೆ ಶೇಂಗಾ ಬೆಳೆಯುವ ನಿಮಗೆ ಸಂತೋಷವಾದೀತು. ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಪುಣೆಯಲ್ಲಿ ಇಂಥ ಇಂಜಿನ್ನುಗಳ ಕಾರ್ಖಾನೆಯನ್ನೇ ತೆರೆಯಿತು.

ಈಗ ನಾವು ಹೇಳಹೊರಟದ್ದು ನಮ್ಮ ಮಠದ ಒಂದು ಭಕ್ತ ಮನೆತನದ ಇಂಜಿನ್ನಿನ ಸಂಗತಿ. ಅದು ಇಂಗ್ಲೆಂಡಿನ ಲಿಸ್ಟರ್ ಮಾದರಿಯದು. ಒಂದೇ ಸಿಲಿಂಡರು, ಆರು ಅಶ್ವಶಕ್ತಿ, ಎರಡು ಕಡೆ ಎರಡು ದೊಡ್ಡ ಗಾಲಿ. ಪಟ್ಟೆ ಹಾಕಿ ಅದಕ್ಕೊಂದು ಜನರೇಟರನ್ನು ಜೋಡಿಸಿದ್ದರು. ಊರಿಗೆ ಕರೆಂಟು ಬಾರದ ಕಾಲದಲ್ಲಿ ಆ ಮನೆಯ ಹಿರಿಯರು ಅದನ್ನು ಬಂಡಿಯ ಮೇಲೆ ಹೇರಿಕೊಂಡು ಬಂದು ಮಠದ ಶ್ರಾವಣದ ಪ್ರವಚನಕ್ಕೆ ತಿಂಗಳೂ ದೀಪ ಕೊಡುತ್ತಿದ್ದರು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಅವರ ದಾಸೋಹವೇ ಬೆಳಕಿನ ದಾಸೋಹ.

ಹಿರಿಯರು ಲಿಂಗೈಕ್ಯರಾದರು. ಕಂಬಗಳು ಬಂದವು, ತಂತಿ ಬಂದಿತು, ಇಂಜಿನ್ನು ಕೊಟ್ಟಿಗೆ ಸೇರಿತು. ಮೊಮ್ಮಕ್ಕಳ ಕಾಲಕ್ಕೆ ಅಣ್ಣ ತಮ್ಮಂದಿರ ನಡುವೆ ಹೊಲ, ಬಾವಿ, ಮನೆ ಎಲ್ಲದರ ಪಾಲಾಯಿತು. ನಡುವೆ ಗೋಡೆ ಎದ್ದಿತು, ಮಾತು ನಿಂತಿತು. ಕೊನೆಗೆ ಉಳಿದದ್ದು ಈ ಇಂಜಿನ್ನು. ತಮ್ಮ ಅದನ್ನು ಗುಜರಿಗೆ ತೂಕಕ್ಕೆ ಹಾಕಿ ಹಣ ಹಂಚಿಕೊಳ್ಳೋಣವೆಂದ. ಅಣ್ಣ ಅಜ್ಜನ ವಸ್ತು ಮಾರಕೂಡದೆಂದ. ಅದಕ್ಕಾಗಿ ಕೋರ್ಟಿನ ಮಾತೂ ಬಂದಿತು. ಇಬ್ಬರೂ ಮಠಕ್ಕೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಕುಳಿತರು. ತಮ್ಮ ಕೇಳಿದ: “ಅಪ್ಪಾವ್ರ, ಇದನ್ನ ಹೆಂಗ ಪಾಲ ಮಾಡೂದು, ನೀವs ಹೇಳ್ರಿ.”

ನಾವು ಅಣ್ಣನನ್ನು ಕೇಳಿದೆವು: “ಅಜ್ಜನ ವಸ್ತು ಎಂದು ಇಷ್ಟು ಅಭಿಮಾನವಿದ್ದರೆ, ಕಳೆದ ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅದಕ್ಕೆ ಎಣ್ಣೆ ಹಾಕಿದ್ದೀಯಾ?” ಅವನು ತಲೆ ತಗ್ಗಿಸಿದ. ತಮ್ಮನನ್ನು ಕೇಳಿದೆವು: “ಸತ್ತಿದೆ ಎಂದು ತೂಕಕ್ಕೆ ಹಾಕುತ್ತೀಯಲ್ಲ, ಸತ್ತಿದೆ ಎಂದು ನೋಡಿದವರು ಯಾರು?” ಅವನೂ ಸುಮ್ಮನಾದ. ಮೊದಲು ಇಬ್ಬರೂ ಕೂಡಿ ಅದನ್ನು ನಡೆಸಿ ತೋರಿಸಿರಿ, ಪಾಲಿನ ಮಾತು ಆಮೇಲೆ ಎಂದು ಅಪ್ಪಣೆ ಮಾಡಿದೆವು.

ಅವರು ಹುಡುಕಿಕೊಂಡು ಹೋದದ್ದು ಒಬ್ಬ ಮುದುಕ ಮಿಸ್ತ್ರಿಯನ್ನು. ಮುಸಲ್ಮಾನರು, ಎಂಬತ್ತರ ಹತ್ತಿರದ ವಯಸ್ಸು. ಅಜ್ಜನ ಕಾಲದಲ್ಲಿ ಆ ಇಂಜಿನ್ನನ್ನು ಬಿಚ್ಚಿ ಕಟ್ಟಿದ ಕೈ ಅವರದು. ಕೊಟ್ಟಿಗೆಗೆ ಬಂದು ಗಾಲಿ ಹಿಡಿದು ನೋಡಿದರು. ಮಿಸುಕಲಿಲ್ಲ. ಪಿಸ್ಟನ್ನು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿತ್ತು. ತಮ್ಮನ ಮಗ, ಕಾಲೇಜಿಗೆ ಹೋಗುವ ಹುಡುಗ, ಸುತ್ತಿಗೆ ತಂದ. ಮಿಸ್ತ್ರಿ ಅವನ ಕೈ ಹಿಡಿದರು. “ಬೀಡು ಕಬ್ಬಿಣ ಐತೆಪಾ ಇದು, ಬಗ್ಗೂದಿಲ್ಲ, ಒಡೀತೈತಿ” ಎಂದರು. ನಾಜಲ್ ಬಿಚ್ಚಿ, ಆ ತೂತಿನಿಂದ ಸೀಮೆಎಣ್ಣೆ ಮತ್ತು ಎಣ್ಣೆ ಕೂಡಿಸಿ ಸುರಿದು, ಮನೆಗೆ ಹೋದರು. ಮರುದಿನ ಬಂದು ಗಾಲಿಯನ್ನು ಮೆಲ್ಲಗೆ ಮುಂದೆ ಹಿಂದೆ ಒತ್ತಿ ನೋಡಿದರು, ಮತ್ತೆ ಎಣ್ಣೆ ಹಾಕಿದರು, ಮತ್ತೆ ಹೋದರು. ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಗಾಲಿ ನಾಲ್ಕು ಬೆರಳು ಸರಿಯಿತು.

ಬಂಧುಗಳೇ, ಅಂಟಿಕೊಂಡ ಸಂಬಂಧಗಳಿಗೂ ಸುತ್ತಿಗೆ ತರುವವರೇ ಬಹಳ. ಬಿರುಸು ಮಾತಿನ ಏಟಿಗೆ ಸಂಬಂಧ ಸಡಿಲವಾಗುವುದಿಲ್ಲ, ಸೀಳುತ್ತದೆ. ಸ್ನೇಹ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎಣ್ಣೆ ಎಂಬ ಅರ್ಥವೂ ಉಂಟು. ಹಾಕಿ ಕಾಯಬೇಕು. ಕಾಯುವುದೂ ಕೆಲಸವೇ ಎಂಬುದನ್ನು ಆ ಮಿಸ್ತ್ರಿ ತೋರಿಸಿದರು.

ಆಮೇಲೆ ಇಂಜಿನ್ನನ್ನು ಪೂರ್ತಿ ಬಿಚ್ಚಿದರು. ತಳದಲ್ಲಿ ಎಣ್ಣೆ ಕಪ್ಪು ಕೆಸರಾಗಿತ್ತು, ತೊಳೆದರು. ನೀರಿನ ಕೋಠಿಯಲ್ಲಿ ಸುಣ್ಣ ಕಟ್ಟಿತ್ತು, ಕೆರೆದರು. ವಾಲ್ವುಗಳಿಗೆ ಪೇಸ್ಟು ಹಚ್ಚಿ, ಅವು ತಮ್ಮ ಪೀಠದಲ್ಲಿ ಗಾಳಿ ಬಿಡದಂತೆ ಕೂರುವವರೆಗೆ ಕೈಯಿಂದಲೇ ಅರೆದರು. ರಿಂಗು ಹೊಸದು ಹಾಕಿದರು. ಈ ಯಂತ್ರಕ್ಕೆ ಕಡ್ಡಿ ಗೀರುವವರು ಬೇಕಿಲ್ಲ. ಒಳಗಿನ ಗಾಳಿಯನ್ನು ಪಿಸ್ಟನ್ನು ಒತ್ತಿದಾಗ ಅದೇ ಕಾಯುತ್ತದೆ, ಆ ಕಾವಿನಲ್ಲಿ ಡೀಸೆಲ್ಲಿನ ತುಂತುರು ತಾನೇ ಹೊತ್ತಿಕೊಳ್ಳುತ್ತದೆ. ಎಲ್ಲಿಯಾದರೂ ಗಾಳಿ ಸೋರಿದರೆ ಕಾವಿಲ್ಲ, ಕಾವಿಲ್ಲದಿದ್ದರೆ ಬೆಂಕಿಯಿಲ್ಲ. ಮನಸ್ಸು ಇಂದ್ರಿಯಗಳ ಬಾಗಿಲಿನಿಂದ ಸೋರುತ್ತಿದ್ದರೆ ಪೂಜೆಯಲ್ಲಿ ಕಾವು ಎಲ್ಲಿಂದ ಬಂದೀತು?

ಇಪ್ಪತ್ತು ದಿನಗಳ ಮೇಲೆ ಒಂದು ಸಂಜೆ ಹ್ಯಾಂಡಲ್ ಹಾಕಿದರು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕು, ಹಿಂದೆ ಒದ್ದರೆ ಕೈ ಮುರಿಯುತ್ತದೆ ಎಂದು ಮಿಸ್ತ್ರಿ ಹುಡುಗನಿಗೆ ಕಲಿಸಿದರು. ಅಣ್ಣ ಹ್ಯಾಂಡಲ್ ತಿರುವಿದ. ಗಾಲಿಗೆ ವೇಗ ಬಂದಾಗ ತಮ್ಮ ಒತ್ತಡ ಬಿಡುವ ಲಿವರನ್ನು ಇಳಿಸಿದ. ಒಬ್ಬನೇ ಮಾಡಬಹುದಾದ ಕೆಲಸವನ್ನು ಮಿಸ್ತ್ರಿ ಬೇಕೆಂದೇ ಇಬ್ಬರಿಗೆ ಹಂಚಿದ್ದರು. ಇಂಜಿನ್ನು ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಧಬ್ ಧಬ್ ಎಂದು ನಡೆಯಿತು. ಊರೇ ಕೊಟ್ಟಿಗೆಯ ಮುಂದೆ ನೆರೆಯಿತು.

ಆದರೆ ದೀಪ ಹತ್ತಲಿಲ್ಲ! ಜನರೇಟರಿನ ಸುರುಳಿಗಳಿಗೆ ಹಿಡಿದ ತೇವವನ್ನು ಹೊದಿಕೆಯೊಳಗೆ ಬಲ್ಬು ಉರಿಸಿಟ್ಟು ಮೂರು ದಿನ ಆರಿಸಿದ್ದರು, ಬ್ರಶ್ಶು ಬದಲಿಸಿದ್ದರು. ಇಂಜಿನ್ನು ನಿಮಿಷಕ್ಕೆ 650 ಸುತ್ತು ತಿರುಗುತ್ತಿತ್ತು, ಪಟ್ಟೆಯಿಂದ ಜನರೇಟರು 1500 ಸುತ್ತು ತಿರುಗುತ್ತಿತ್ತು. ಎಲ್ಲವೂ ಸರಿ, ಬೆಳಕು ಮಾತ್ರ ಇಲ್ಲ. ಇಲ್ಲಿಯೇ ನಾವು ನಿಮಗೆ ಹೇಳಬೇಕಾದ ಮುಖ್ಯ ಮಾತು ಇರುವುದು.

ಜನರೇಟರು ವಿದ್ಯುತ್ತನ್ನು ಹುಟ್ಟಿಸಬೇಕಾದರೆ ಒಳಗೆ ಕಾಂತಶಕ್ತಿ ಬೇಕು. ಇಂಥ ಹಳೆಯ ಜನರೇಟರಿನಲ್ಲಿ ಕಾಂತಶಕ್ತಿ ಬರುವುದು ಅದೇ ಹುಟ್ಟಿಸಿದ ವಿದ್ಯುತ್ತಿನಿಂದ. ಹಾಗಾದರೆ ಮೊದಲು ಯಾವುದು? ಬೀಜವೋ ವೃಕ್ಷವೋ? ಯಂತ್ರ ನಿಂತ ಮೇಲೆಯೂ ಅದರ ಕಬ್ಬಿಣದಲ್ಲಿ ಕಾಂತಗುಣದ ಒಂದಿಷ್ಟು ಲೇಶ ಉಳಿದಿರುತ್ತದೆ. ಆ ಲೇಶದಿಂದ ಕಿಂಚಿತ್ ವಿದ್ಯುತ್ತು, ಆ ಕಿಂಚಿತ್ತಿನಿಂದ ಹೆಚ್ಚಿನ ಕಾಂತ, ಅದರಿಂದ ಇನ್ನೂ ಹೆಚ್ಚಿನ ವಿದ್ಯುತ್ತು. ಹೀಗೆ ಕ್ಷಣಾರ್ಧದಲ್ಲಿ ಪೂರ್ಣ ಬೆಳಕು. ಬಹುಕಾಲ ನಿಂತುಬಿಟ್ಟರೆ ಆ ಲೇಶವೂ ಕಳೆದುಹೋಗಬಹುದು. “ಕಬ್ಬಿಣ ತನ್ನ ನೆನಪ ಮರತೈತಿ” ಎಂದರು ಮಿಸ್ತ್ರಿ. ಟ್ರ್ಯಾಕ್ಟರಿನ ಹನ್ನೆರಡು ವೋಲ್ಟಿನ ಬ್ಯಾಟರಿ ತರಿಸಿ, ಅದರ ಎರಡು ತಂತಿಗಳನ್ನು ಸರಿಯಾದ ಕಡೆಗೆ ಒಂದು ಕ್ಷಣ ತಾಗಿಸಿ ತೆಗೆದರು. ಬಲ್ಬಿನ ತಂತು ಮೊದಲು ಕೆಂಪಾಯಿತು, ಆಮೇಲೆ ಹಳದಿ, ಆಮೇಲೆ ಕಣ್ಣು ಕೋರೈಸುವ ಬೆಳಕು. ಬ್ಯಾಟರಿ ದೂರ ಸರಿದಿತ್ತು, ದೀಪ ಉರಿಯುತ್ತಲೇ ಇತ್ತು.

ಇದನ್ನು ಕೇಳಿದಾಗ ನಮಗೆ ದೀಕ್ಷೆಯ ಮರ್ಮವೇ ಕಣ್ಣಿಗೆ ಕಟ್ಟಿತು. ಕಬ್ಬಿಣದ ಜಾಗದಲ್ಲಿ ಕಲ್ಲಿದ್ದಿದ್ದರೆ ಬ್ಯಾಟರಿ ಏನು ಮಾಡೀತು? ಕಾಂತವಾಗುವ ಗುಣ ಕಬ್ಬಿಣದ್ದೇ. ಹಾಗೆಯೇ ಶ್ರೀಗುರು ಭಕ್ತನಲ್ಲಿ ಇಲ್ಲದ್ದನ್ನು ಹೊರಗಿನಿಂದ ತುಂಬುವುದಿಲ್ಲ. ಅವನೊಳಗಿನ ಚೈತನ್ಯವನ್ನೇ ಎಬ್ಬಿಸಿ ಇಷ್ಟಲಿಂಗವಾಗಿ ಕರಸ್ಥಲಕ್ಕೆ ಕೊಡುತ್ತಾನೆ. ಆದರೆ ಇನ್ನೊಂದನ್ನು ಮರೆಯಬೇಡಿರಿ. ನಿಂತ ಯಂತ್ರಕ್ಕೆ ಎಷ್ಟು ಸಲ ಬ್ಯಾಟರಿ ತಾಗಿಸಿದರೂ ದೀಪ ಹತ್ತುವುದಿಲ್ಲ. ಗಾಲಿ ತಿರುಗುತ್ತಿರಬೇಕು. ಗುರುವಿನ ಕೃಪೆ ಕ್ಷಣದ್ದು, ತಿರುಗುವ ಕಾಯಕ ದಿನನಿತ್ಯದ್ದು. ಕಾಯಕವಿಲ್ಲದೆ ಮಠಕ್ಕೆ ಬಂದು ಪಾದಕ್ಕೆ ಹಣೆ ಹಚ್ಚಿ ಹೋಗುವವರು ನಿಂತ ಜನರೇಟರಿಗೆ ಬ್ಯಾಟರಿ ಹಚ್ಚುವವರು. ಕೃಪೆಯಿಲ್ಲದೆ ಬರಿದೆ ದುಡಿಯುವವರು ಬೆಳಕಿಲ್ಲದೆ ತಿರುಗುವ ಗಾಲಿ. ಎರಡೂ ಕೂಡಿದಲ್ಲಿ ಮಾತ್ರ ಬೆಳಕು.

ಕೆಲಸ ಮುಗಿದ ಮೇಲೆ ಮಿಸ್ತ್ರಿ ತಮ್ಮ ದಿನಗೂಲಿಯನ್ನು ಎಣಿಸಿ ತೆಗೆದುಕೊಂಡು, ಹೆಚ್ಚಿಗೆ ಕೊಟ್ಟ ನೋಟುಗಳನ್ನು ಹಿಂದಕ್ಕೆ ಕೊಟ್ಟರು. ಹೆಚ್ಚಾದ ಅಕ್ಕಿಯನ್ನು ಗಂಡನ ಕೈಯಲ್ಲಿ ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ಬೆಳೆದ ನಿಮಗೆ ನಾವು ಇದನ್ನು ವಿವರಿಸಬೇಕಾಗಿಲ್ಲ. ಶರಣತ್ವ ಯಾರ ಮನೆಯಲ್ಲಿದೆ ಎಂಬುದನ್ನು ಕುಲ ನೋಡಿ ಹೇಳಲಾಗದು. ಹೋಗುವಾಗ ಅವರು ಎರಡು ಮಾತು ಹೇಳಿದರು. ಮುಚ್ಚಿದ ಕೋಣೆಯಲ್ಲಿ ಇಂಜಿನ್ನು ನಡೆಸಬೇಡಿರಿ, ಹೊಗೆಯಲ್ಲಿ ಕಣ್ಣಿಗೆ ಮೂಗಿಗೆ ತಿಳಿಯದ ವಿಷಗಾಳಿ ಇರುತ್ತದೆ. ಚೇಂಜ್ ಓವರ್ ಸ್ವಿಚ್ಚು ಇಲ್ಲದೆ ಮನೆಯ ತಂತಿಗೆ ಜೋಡಿಸಬೇಡಿರಿ, ಕರೆಂಟು ಹಿಂದಕ್ಕೆ ಹರಿದು ಕಂಬದ ಮೇಲಿನ ಲೈನ್‌ಮನ್ನನ ಪ್ರಾಣ ಹೋದೀತು. ನಮ್ಮ ಮನೆಯ ಬೆಳಕು ಇನ್ನೊಬ್ಬನ ಮನೆಯ ಕತ್ತಲೆಯಾಗಬಾರದು. ದಯೆಯನ್ನೇ ಧರ್ಮದ ಮೂಲವೆಂದ ಅಪ್ಪ ಬಸವಣ್ಣನವರ ಮಕ್ಕಳು ನಾವು. ಆ ಸ್ವಿಚ್ಚನ್ನೂ ಧರ್ಮವೆಂದೇ ತಿಳಿಯಬೇಕು.

ಆ ಅಣ್ಣ ತಮ್ಮಂದಿರು ಒಂದಾದರೇ ಎಂದು ನೀವು ಕೇಳುತ್ತೀರಿ. ಗೋಡೆ ಬೀಳಲಿಲ್ಲ, ಪಾಲಾದ ಹೊಲ ಪಾಲಾಗಿಯೇ ಇದೆ. ಆದರೆ ಇಂಜಿನ್ನು ಪಾಲಾಗಲಿಲ್ಲ. ನಡೆಸದೆ ಬಿಟ್ಟರೆ ಅದು ಮತ್ತೆ ಜಾಮ್ ಆಗುತ್ತದೆ. ತಿಂಗಳಿಗೊಮ್ಮೆಯಾದರೂ ಭಾರ ಹಾಕಿ ನಡೆಸಬೇಕು. ಪ್ರತಿ ಅಮಾವಾಸ್ಯೆಯ ಸಂಜೆ ಇಬ್ಬರೂ ಕೊಟ್ಟಿಗೆಗೆ ಬರುತ್ತಾರೆ. ಒಬ್ಬ ಹ್ಯಾಂಡಲ್ ತಿರುವುತ್ತಾನೆ, ಒಬ್ಬ ಲಿವರ್ ಇಳಿಸುತ್ತಾನೆ. ಮೊದಲ ತಿಂಗಳು ಮಾತಿಲ್ಲದೆ ಮಾಡಿದರು. ಎರಡನೆಯ ತಿಂಗಳು “ಎಣ್ಣಿ ನೋಡಿದೇನು?” ಎಂದು ಅಣ್ಣ ಕೇಳಿದನಂತೆ, “ನೋಡೀನಿ” ಎಂದು ತಮ್ಮ ಹೇಳಿದನಂತೆ. ಇಪ್ಪತ್ತು ವರ್ಷ ನಿಂತ ಗಾಲಿ ನಾಲ್ಕು ಬೆರಳು ಸರಿದರೆ ಅದು ಸಣ್ಣ ಮಾತಲ್ಲ. ಮಿಸ್ತ್ರಿ ಈಗ ಇಲ್ಲ. ವಾಲ್ವು ಅರೆಯುವುದು ಆ ಹುಡುಗನಿಗೆ ಬರುತ್ತದೆ.

ಹಳೆಯದನ್ನೆಲ್ಲ ಕಟ್ಟಿಕೊಂಡು ಕೂರಿರಿ ಎಂದು ನಾವು ಹೇಳುವುದಿಲ್ಲ. ಬಿರುಕುಬಿಟ್ಟ ಸಿಲಿಂಡರು ಗುಜರಿಗೆ ಹೋದರೆ ದೋಷವಿಲ್ಲ. ಲೆಕ್ಕ ಹಾಕಿದರೆ ಹೊಸ ಜನರೇಟರು ಲಾಭದ್ದೆಂದೇ ಬಂದೀತು. ಆದರೆ ಹಿರಿಯರು ಬಿಟ್ಟು ಹೋದದ್ದು ಬರಿಯ ಕಬ್ಬಿಣವಲ್ಲ, ಅದನ್ನು ನಡೆಸುವ ಕಾಯಕ, ಅದರಿಂದ ಊರಿಗೆ ಬೆಳಕು ಕೊಟ್ಟ ದಾಸೋಹ. ಕಬ್ಬಿಣವನ್ನು ತೂಕಕ್ಕೆ ಹಾಕಬಹುದು, ಈ ಎರಡನ್ನು ಹಾಕುವ ತಕ್ಕಡಿ ಇಲ್ಲ. ನಿಮ್ಮ ಮನೆಯ ಕೊಟ್ಟಿಗೆಯಲ್ಲಿ, ನಿಮ್ಮ ಎದೆಯ ಮೂಲೆಯಲ್ಲಿ ಏನೇನು ಜಾಮ್ ಆಗಿ ನಿಂತಿದೆಯೋ ನೋಡಿಕೊಳ್ಳಿರಿ. ಸುತ್ತಿಗೆ ಹಿಡಿಯುವ ಮೊದಲು ಎಣ್ಣೆ ಹಾಕಿ ಕಾಯಿರಿ.

ನಿಮ್ಮೆಲ್ಲರ ಮನೆಮನಗಳಲ್ಲಿ ಕಾಯಕದ ಗಾಲಿ ನಿಲ್ಲದಿರಲಿ, ಗುರುಕೃಪೆಯ ಬೆಳಕು ಆರದಿರಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.