ರೋಗ ಬರುವ ಮುನ್ನ ವಿಮೆಯ ಕೆಲಸ
(ದೊಡ್ಡನೆಕ್ಕುಂದಿಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದವನಿಗೆ ಆಸ್ಪತ್ರೆಯ ಮಾತೇಕೆ ಎಂದು ತಾವು ಕೇಳಬಹುದು. ಬೀಜೋಪಚಾರ ಮಾಡಿ ರೋಗ ತಡೆಯಿರಿ ಎನ್ನುವ ನಾವು ಬಿತ್ತುವವನ ಮೈಯನ್ನೇ ಮರೆತಿದ್ದೇವೆ.

ಈ ಊರಿನ ಹೊಲಗಳು ಬಹುಪಾಲು ಬಡಾವಣೆ, ಕಾರ್ಖಾನೆಗಳಾದವು. ಕಾರ್ಖಾನೆಯ ಕಾರ್ಮಿಕರಿಗಾಗಿ 1948ರಲ್ಲೇ ಇ.ಎಸ್.ಐ. ಕಾಯಿದೆ ಬಂದಿತ್ತು. ರೈತರಿಗೆ ಅಂಥ ಆಸರೆಯಾಗಿ 2003ರಲ್ಲಿ ಯಶಸ್ವಿನಿ ಬಂದಿತು. ಸಹಕಾರ ಸಂಘದ ಸದಸ್ಯರಿಂದ ಮೊದಲ ವರ್ಷ ತಲಾ 60 ರೂಪಾಯಿ ವಂತಿಗೆ ಪಡೆದು ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಿತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿದ್ದ ಅದು 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ.

ಹಾವು ಕಡಿತ, ಎತ್ತಿನ ತಿವಿತ, ಉಪಕರಣದ ಗಾಯ ಇವೂ ಹಳೆಯ ಯೋಜನೆಯ ಪಟ್ಟಿಯಲ್ಲಿದ್ದವು. ಇವುಗಳಲ್ಲಿ ಎಷ್ಟನ್ನು ಬೂಟು, ಬ್ಯಾಟರಿ ದೀಪಗಳಿಂದಲೇ ತಡೆಯಬಹುದಿತ್ತು! ಒಂದು ಶಸ್ತ್ರಚಿಕಿತ್ಸೆಯ ಹಣಕ್ಕೆ ಎಷ್ಟು ಜೊತೆ ಬೂಟು ಬರುತ್ತವೆಂಬ ಲೆಕ್ಕವನ್ನು ವಿಮೆ ನಡೆಸುವವರು ಹಾಕಬೇಕು. ರಕ್ತದೊತ್ತಡ, ಸಕ್ಕರೆಯ ತಪಾಸಣೆ ಹಾಲಿನ ಡೇರಿಯ ಬಾಗಿಲಲ್ಲೇ ನಡೆಯಲಿ. ಕತ್ತಿ ಹಿಡಿಯುವತನಕ ಕಾಯುವ ವಿಮೆ ಅರ್ಧ ವಿಮೆ ಎಂದೇ ನನ್ನ ಅಭಿಪ್ರಾಯ.

“ಕಾಯಿಲೆ ಬರಲಿಲ್ಲ, ಕಟ್ಟಿದ ಹಣ ದಂಡ” ಎಂದು ನವೀಕರಣ ಬಿಡುವವರೂ ಉಂಟು. ಗಟ್ಟಿಮುಟ್ಟಾದವರು ಹೊರಗುಳಿದರೆ ನಿಧಿಯಲ್ಲಿ ರೋಗಿಗಳೇ ಉಳಿದು ವಂತಿಗೆ ಏರುತ್ತದೆ. ಸದಸ್ಯತ್ವ ಬಿಡಬೇಡಿ, ಸಂಘದ ವಾರ್ಷಿಕ ಸಭೆಯಲ್ಲಿ ತಪಾಸಣೆಯ ಬೇಡಿಕೆ ಇಡಿ. ಅಲ್ಲಿಯವರೆಗೆ, ಗಾಳಿಗೆ ಎದುರಾಗಿ ನಿಂತು ಔಷಧ ಸಿಂಪಡಿಸಬೇಡಿ. ಕೈ ತೊಳೆಯದೆ ಬೀಡಿ ಹಚ್ಚಬೇಡಿ.