ನಮ್ಮ ಊರಿನ ಮಳೆಗೆ ನೀರು ಎಲ್ಲಿಂದ ಬರುತ್ತದೆ?



ನಮ್ಮಲ್ಲಿ ಮನೆಯಲ್ಲಿ ಉರ್ದು ಮಾತನಾಡುವವರು ಹವೆಗೆ 'ಮೌಸಮ್' ಎನ್ನುತ್ತಾರೆ. ಋತು ಎಂಬ ಅರ್ಥದ ಅರಬ್ಬೀ ಪದವಿದು. ಇದೇ ಪದ ಪೋರ್ಚುಗೀಸರ ಬಾಯಿಗೆ ಬಿದ್ದು, ಇಂಗ್ಲಿಷಿಗೆ ಹೋಗಿ 'ಮಾನ್ಸೂನ್' ಆಯಿತು. ಅರಬ್ ನಾವಿಕರು ಗಾಳಿ ಯಾವ ತಿಂಗಳು ಯಾವ ದಿಕ್ಕಿಗೆ ಬೀಸುತ್ತದೆ ಎಂದು ತಿಳಿದು ಹಡಗು ನಡೆಸುತ್ತಿದ್ದರು. ಬಸರೂರು, ಹೊನ್ನಾವರ, ಭಟ್ಕಳದ ಬಂದರುಗಳಿಗೆ ಕುದುರೆ ಬಂದದ್ದು, ಮಲೆನಾಡಿನ ಕಾಳುಮೆಣಸು ಹೊರಟದ್ದು ಈ ಲೆಕ್ಕದ ಮೇಲೆಯೇ. ಕೆಳದಿ ಅರಸರ ಬಿದನೂರು, ಅಂದರೆ 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರವೆಂದು ಕರೆದ ನಮ್ಮ ನಗರ, ಸಿರಿವಂತ ಊರಾದದ್ದಕ್ಕೆ ಆ ವ್ಯಾಪಾರವೂ ಒಂದು ಕಾರಣ. ಅದೇ ಗಾಳಿ ನಮಗೆ ಇಂದಿಗೂ ಮಳೆ ತರುತ್ತಿದೆ. ಅದರ ನಡೆ ಈಗ ಬದಲಾಗುತ್ತಿರುವುದರಿಂದ ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಮಳೆ ಕುಂದಾಪುರದ ಸಮುದ್ರದಿಂದ ಎದ್ದು ಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದರ ಪ್ರಯಾಣ ಬಹಳ ಉದ್ದದ್ದು. ಜೂನ್ ಹೊತ್ತಿಗೆ ಮಡಗಾಸ್ಕರ್ ಬಳಿಯ ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟ ಗಾಳಿ ಕೆನ್ಯಾ ಮತ್ತು ಸೊಮಾಲಿಯಾದ ಕರಾವಳಿಯ ಬಳಿ ಭೂಮಧ್ಯರೇಖೆಯನ್ನು ದಾಟುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ಬಲಕ್ಕೆ ಬಾಗಿ ಅರಬ್ಬೀ ಸಮುದ್ರದ ಮೇಲೆ ಹಾದು ನಮ್ಮ ಘಟ್ಟಕ್ಕೆ ಬಡಿಯುತ್ತದೆ. ಇದಕ್ಕೆ ಸೊಮಾಲಿ ಜೆಟ್ ಎಂದು ಹೆಸರು. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಇದರ ವೇಗ ಹೆಚ್ಚು. ದಾರಿಯುದ್ದಕ್ಕೂ ಅದು ಸಮುದ್ರದ ಆವಿಯನ್ನು ತುಂಬಿಕೊಳ್ಳುತ್ತದೆ. ಆಕಾಶದಲ್ಲಿ ಹರಿಯುವ ನದಿ ಎಂದು ಬೇಕಾದರೆ ನೀವು ಇದನ್ನು ಕರೆಯಬಹುದು.

ಆವಿ ಬಂದ ಮಾತ್ರಕ್ಕೆ ಮಳೆಯಾಗುವುದಿಲ್ಲ, ಅದು ತಣ್ಣಗಾಗಬೇಕು. 30 ಡಿಗ್ರಿ ಶಾಖದ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ಆವಿ ಹಿಡಿಯಬಲ್ಲದು. 20 ಡಿಗ್ರಿಗೆ ಇಳಿದರೆ ಅದರ ಶಕ್ತಿ ಸುಮಾರು 17 ಗ್ರಾಂ ಮಾತ್ರ. ಉಳಿದದ್ದು ಹನಿಯಾಗಲೇಬೇಕು. ಹುಲಿಕಲ್ ಘಾಟಿಯಲ್ಲಾಗಲಿ ಆಗುಂಬೆಯಲ್ಲಾಗಲಿ ಗಾಳಿ ಗೋಡೆ ಹತ್ತಿದಂತೆ ಏರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಅದಕ್ಕೇ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗ ಪಟ್ಟಣದಲ್ಲಿ ಅದು 1,000 ಮಿಲಿಮೀಟರಿಗೂ ಕಡಿಮೆ. ಚಳ್ಳಕೆರೆಗೆ ಹೋದರೆ 500ಕ್ಕೂ ಕಡಿಮೆ. ಆಕಾಶ ಒಂದೇ, ಗಾಳಿಯೂ ಅದೇ. ಆದರೆ ಘಟ್ಟ ಇಳಿದ ಗಾಳಿಯಲ್ಲಿ ನೀರು ಕಡಿಮೆ ಉಳಿದಿರುತ್ತದೆ, ಇಳಿಯುವಾಗ ಅದು ಮತ್ತೆ ಬಿಸಿಯೂ ಆಗುತ್ತದೆ.

ಈಗ ಬದಲಾವಣೆಯ ಮಾತಿಗೆ ಬರೋಣ. ಗಾಳಿಯ ಶಾಖ ಒಂದು ಡಿಗ್ರಿ ಏರಿದರೆ ಅದು ಹಿಡಿಯಬಲ್ಲ ಆವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಹಾಗಾದರೆ ಮಳೆ ಹೆಚ್ಚಾಗಿ ನಮಗೆ ಒಳ್ಳೆಯದೇ ಆಗಬೇಕಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಅಷ್ಟು ಸುಲಭವಲ್ಲ. ದೊಡ್ಡ ಕೊಡ ತುಂಬಲು ಹೆಚ್ಚು ಹೊತ್ತು ಬೇಕು, ಮಗುಚಿದಾಗ ಹೆಚ್ಚು ನೀರು ಚೆಲ್ಲುತ್ತದೆ. ಹಾಗೆಯೇ ಮಳೆಯಿಲ್ಲದ ದಿನಗಳು ಉದ್ದವಾಗುತ್ತವೆ, ಬಂದ ಮಳೆ ಒಮ್ಮೆಲೇ ಸುರಿಯುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯಭಾರತದಲ್ಲಿ ವಿಶಾಲ ಪ್ರದೇಶದ ಮೇಲೆ ಸುರಿಯುವ ಅತಿಭಾರೀ ಮಳೆಯ ಪ್ರಕರಣಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಆದರೆ ಅಲ್ಲಿ ಒಟ್ಟು ಮುಂಗಾರು ಮಳೆ ಹೆಚ್ಚಿಲ್ಲ, ತಗ್ಗಿದೆ. ಆ ಅತಿಮಳೆಗೆ ಆವಿ ಒದಗಿಸುತ್ತಿರುವುದು ಮುಖ್ಯವಾಗಿ ಅರಬ್ಬೀ ಸಮುದ್ರವೇ.

ಈ ಎರಡು ಮುಖಗಳನ್ನೂ ನಾವು ಕಣ್ಣಾರೆ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದಳು. 2023ರ ಜೂನಿನಲ್ಲಿ ಬಿಪರ್‌ಜಾಯ್ ಚಂಡಮಾರುತ ಅರಬ್ಬೀ ಸಮುದ್ರದ ತೇವವನ್ನು ತನ್ನತ್ತ ಸೆಳೆದುಕೊಂಡು ಗುಜರಾತಿನ ಕಡೆಗೆ ನಡೆಯಿತು. ಇಲ್ಲಿ ಮುಂಗಾರು ಸೊರಗಿತು. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಆಯಿತು. ಸಾಗರದ ಲಿಂಗನಮಕ್ಕಿ ಜಲಾಶಯವೂ ಆ ವರ್ಷ ತುಂಬಲಿಲ್ಲ.

ಇದರ ಪೆಟ್ಟು ನೇರವಾಗಿ ಮನೆಗೆ ಬೀಳುತ್ತದೆ. ಅಡಿಕೆ ತೋಟದವರು ಕೊಳೆರೋಗ ತಡೆಯಲು ಮುಂಗಾರಿಗೆ ಮೊದಲು ಒಮ್ಮೆ, ಸುಮಾರು 40-45 ದಿನಗಳ ನಂತರ ಮತ್ತೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಅದಕ್ಕೆ ಮಳೆಯ ಬಿಡುವು ಬೇಕು. ಆರಿದ್ರೆ, ಪುನರ್ವಸು, ಪುಷ್ಯ ಎಂದು ಎಣಿಸಿ ಕೂತರೆ ಈಗ ಲೆಕ್ಕ ತಪ್ಪುತ್ತದೆ. ತೋಟ ಇಲ್ಲದೆ ಕೊನೆ ಕೊಯ್ದು, ಅಡಿಕೆ ಸುಲಿದು ಬದುಕುವವರಿಗೆ ಬೆಳೆ ಹೋದರೆ ಕೂಲಿಯೂ ಹೋಯಿತು. ಇಷ್ಟು ಮಳೆಯ ನಾಡಿನಲ್ಲೇ ಬೇಸಿಗೆಯಲ್ಲಿ ಬಾವಿ ಬತ್ತುವುದನ್ನೂ ನೀವು ಬಲ್ಲಿರಿ. ಒಮ್ಮೆಲೇ ಸುರಿದ ನೀರು ಇಳಿಜಾರಿನಲ್ಲಿ ಓಡಿಬಿಡುತ್ತದೆ, ನೆಲಕ್ಕೆ ಇಂಗಲು ಅದಕ್ಕೆ ಸಮಯವಿರುವುದಿಲ್ಲ.

ಕಾಡಿಗೆ ಇಲ್ಲಿ ಎರಡು ಕೆಲಸ. ಒಂದು, ಓಡುವ ನೀರನ್ನು ತಡೆದು ಇಂಗಿಸುವುದು. ಇನ್ನೊಂದು, ಎಲೆಗಳ ಮೂಲಕ ನೀರನ್ನು ಮತ್ತೆ ಗಾಳಿಗೆ ಬಿಡುವುದು. ಪಶ್ಚಿಮಘಟ್ಟದ ಕಾಡು ಹೀಗೆ ಬಿಡುವ ಆವಿ ತಮಿಳುನಾಡಿನ ಮುಂಗಾರು ಮಳೆಗೆ ಗಣನೀಯ ಪಾಲು ಕೊಡುತ್ತದೆ ಎಂದು ಮುಂಬಯಿಯ ಐ.ಐ.ಟಿ.ಯ ವಿಜ್ಞಾನಿಗಳು 2018ರಲ್ಲಿ ತೋರಿಸಿದರು. ಆದ್ದರಿಂದ ನಮ್ಮ ಗುಡ್ಡದ ಕಾಡು ಕಡಿದರೆ ನಷ್ಟ ನಮಗಷ್ಟೇ ಅಲ್ಲ, ಮೂಡಣದ ರೈತನಿಗೂ ಉಂಟು.

ಸಮುದ್ರದ ಶಾಖವನ್ನು ನಾವು ಇಲ್ಲಿ ಕೂತು ಇಳಿಸಲಾರೆವು. ನಮ್ಮಿಂದಾಗುವ ಕೆಲಸಗಳು ಬೇರೆ ಇವೆ. 100 ಚದರ ಮೀಟರಿನ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರಾಗುತ್ತದೆ. ನಿಮ್ಮ ಮನೆ, ಶಾಲೆ, ಮಸೀದಿಯ ಮಾಡಿನ ನೀರನ್ನು ಸೋಸಿ ತೊಟ್ಟಿಗೆ ತುಂಬಿಸಿ, ಉಳಿದದ್ದನ್ನು ಇಂಗುಗುಂಡಿಗೆ ಬಿಡಿ. ವಿದ್ಯಾರ್ಥಿಗಳೇ, ನೀವು ಬದಿ ನೇರವಾಗಿರುವ ಡಬ್ಬಿಯೊಂದನ್ನು ಬಯಲಿನಲ್ಲಿಡಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿಯಿಂದ ನೀರು ಅಳೆದು, ಪುಸ್ತಕದಲ್ಲಿ ಬರೆದು, ಡಬ್ಬಿ ಖಾಲಿ ಮಾಡಿ. ಮಳೆ ಬಾರದ ದಿನ ಸೊನ್ನೆ ಬರೆಯುವುದನ್ನು ಮರೆಯಬೇಡಿ. ಹತ್ತು ವರ್ಷ ನಡೆದರೆ ಆ ಪುಸ್ತಕ ನಿಮ್ಮ ಊರಿನ ರೈತನಿಗೂ ಪಂಚಾಯಿತಿಗೂ ಬೇಕಾದ ದಾಖಲೆಯಾಗುತ್ತದೆ. ಬರುವ ಮುಂಗಾರಿಗೇ ಪ್ರತಿ ಶಾಲೆಯಲ್ಲಿ ಇದು ಶುರುವಾಗಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.